ಮಳೆಗಾಲದ ಕಡ: ದಕ್ಷಿಣ ಕೊಡಗಿನ ಒಂದು ದಿನಸಿ ಅಂಗಡಿಯ ಪ್ರಕರಣ

ಈ ಅಂಗಡಿ ಮುಚ್ಚಿಲ್ಲ. ಬೆಳಗಿನ ಮೊದಲ ಬಸ್ಸು ಬರುವ ಹೊತ್ತಿಗೆ ಬಾಗಿಲು ತೆರೆಯುತ್ತದೆ, ರಾತ್ರಿ ಕಡೆಯ ಬಸ್ಸು ಹೋದಮೇಲೆಯೇ ಹಲಗೆ ಹಾಕುತ್ತಾರೆ. ದಾರಿಯಲ್ಲಿ ಹೋಗುವವರಿಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಆದರೆ ಮೂರು ತಲೆಮಾರಿನಿಂದ ನಡೆದುಬಂದ ಒಂದು ಕೆಲಸವನ್ನು ಅಂಗಡಿಯವರು ಎರಡು ಮಳೆಗಾಲದ ಹಿಂದೆ ನಿಲ್ಲಿಸಿದರು. ಜೂನ್‌ನಿಂದ ಕಾಫಿ ಹಣ್ಣಾಗುವವರೆಗೆ ತೋಟದ ಕೂಲಿಯವರಿಗೆ ಕಡ ಕೊಡುವ ಕೆಲಸ ಅದು. ಹತ್ತಾರು ಮೈಲಿ ಆಚೆ ತೆರೆದ ಒಂದು ದೊಡ್ಡ ಮಳಿಗೆಗೂ, ಅದರ ಮೆಟ್ಟಿಲನ್ನೇ ಹತ್ತದ ಈ ಜನರಿಗೂ ಏನು ಸಂಬಂಧ ಎಂಬುದನ್ನು ಬಿಡಿಸಿ ಹೇಳುವುದು ಈ ಬರಹದ ಉದ್ದೇಶ.

ನಾನು ವಾಣಿಜ್ಯ ವಿಷಯ ಕಲಿಸುವವಳು. ಅಂಗಡಿಯವರು ನನಗೆ ಬಹಳ ವರ್ಷಗಳಿಂದ ಪರಿಚಯ. ಕಡದ ಪುಸ್ತಕಗಳನ್ನು ಎದುರಿಗಿಟ್ಟುಕೊಂಡೇ ನನ್ನ ಜೊತೆ ಮಾತಾಡಿದರು. ಆ ಪುಸ್ತಕಗಳಲ್ಲಿ ಬೇರೆಯವರ ಮನೆಯ ಕಷ್ಟಗಳಿವೆ. ಹಾಗಾಗಿ ಊರು, ಅಂಗಡಿ, ಮನುಷ್ಯರು ಯಾರ ಹೆಸರನ್ನೂ ಬರೆಯುತ್ತಿಲ್ಲ. ದೊಡ್ಡ ಮಳಿಗೆಯ ಹೆಸರೂ ಬೇಡ. ಇವತ್ತು ಒಂದು ಕಂಪನಿ ಮಾಡಿದ್ದನ್ನು ನಾಳೆ ಇನ್ನೊಂದು ಮಾಡುತ್ತದೆ.

ಪೇಟೆ, ಅಂಗಡಿ

ಗೋಣಿಕೊಪ್ಪದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯೊಳಗೆ ತಲುಪಬಹುದಾದ ಚಿಕ್ಕ ಪೇಟೆ ಇದು. ಒಂದೇ ಬೀದಿ, ಒಂದು ಬ್ಯಾಂಕು, ಒಂದು ಸಹಕಾರ ಸಂಘ, ನ್ಯಾಯಬೆಲೆ ಅಂಗಡಿ, ಎರಡು ಹೋಟೆಲು, ಒಂದು ವೈನ್ ಶಾಪು. ಸುತ್ತ ಎತ್ತ ನೋಡಿದರೂ ರೊಬಸ್ಟಾ ಕಾಫಿ, ನೆರಳಿನ ಮರಗಳಿಗೆ ಹಬ್ಬಿದ ಕಾಳುಮೆಣಸು, ತಗ್ಗಿನಲ್ಲಿ ಗದ್ದೆ. ದೇಶದ ಕಾಫಿಯಲ್ಲಿ ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆ ನಮ್ಮದು. 2011ರ ಜನಗಣತಿಯಲ್ಲಿ ಇಡೀ ಕೊಡಗಿನ ಜನಸಂಖ್ಯೆ 5,54,519. ಇಷ್ಟೂ ಜನ ಬೆಟ್ಟಗುಡ್ಡಗಳ ನಡುವೆ, ಒಬ್ಬರ ಮನೆ ಇನ್ನೊಬ್ಬರಿಗೆ ಕಾಣದಂತೆ ಹರಡಿಕೊಂಡಿದ್ದಾರೆ. ರೈಲಿಲ್ಲ. ಸಾಮಾನು ಬರಬೇಕಾದರೆ ಲಾರಿಯಲ್ಲಿ, ಇಲ್ಲವಾದರೆ ಬಸ್ಸಿನ ಮೇಲೆ.

ಅಂಗಡಿಯವರ ಅಜ್ಜ ಮಾಕುಟ್ಟ ಘಾಟಿ ಹತ್ತಿ ಕಣ್ಣೂರು ಕಡೆಯಿಂದ ಒಣಮೀನು ತಂದು ಸಂತೆಗಳಲ್ಲಿ ಮಾರುತ್ತಿದ್ದವರು. ವಿರಾಜಪೇಟೆಯಲ್ಲಿ ಬುಧವಾರ, ಗೋಣಿಕೊಪ್ಪದಲ್ಲಿ ಭಾನುವಾರ ಎಂದು ಸಂತೆಯಿಂದ ಸಂತೆಗೆ ತಿರುಗುತ್ತಿದ್ದ ಅವರು ಕೊನೆಗೆ ಈ ಪೇಟೆಯಲ್ಲಿ ನೆಲೆ ನಿಂತರು. ಮೊಮ್ಮಗ ಗಿರಾಕಿಯ ಮುಖ ನೋಡಿ ಭಾಷೆ ಬದಲಾಯಿಸುತ್ತಾರೆ. ತೋಟದ ಯಜಮಾನರ ಜೊತೆ ಕೊಡವ ತಕ್ಕ್, ಕೂಲಿಗೆ ಬರುವ ಯರವರ ಜೊತೆ ಅವರದೇ ಮಾತು, ಬಸ್ಸಿನ ಡ್ರೈವರನ ಜೊತೆ ಮಲಯಾಳ, ನನ್ನ ಜೊತೆ ಕನ್ನಡ.

ಅಂಗಡಿಯಲ್ಲಿ ಸೋಪು, ಎಣ್ಣೆ, ಬೇಳೆ, ಬಿಸ್ಕೆಟು ಎಲ್ಲ ಕಡೆ ಇರುವಂತೆ ಇವೆ. ಜೊತೆಗೆ ಕಡುಬುಟ್ಟಿಗೆ ಅಕ್ಕಿತರಿ, ಹಂದಿಕರಿಗೆ ಹಾಕುವ ಕಾಚಂಪುಳಿ, ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು, ಮಳೆಗೆ ಹೊದೆಯುವ ಪ್ಲಾಸ್ಟಿಕ್, ಗಂಬೂಟು, ಕತ್ತಿ, ಮೇಣದಬತ್ತಿ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ಊರಿನಲ್ಲಿ ಮೇಣದಬತ್ತಿಯೂ ಬೆಂಕಿಪೊಟ್ಟಣವೂ ದಿನಸಿಯೇ.

ಗಿರಾಕಿಗಳಲ್ಲಿ ಎರಡು ಬಗೆ. ಒಂದು, ಪಟ್ಟಿಯ ಮನೆಗಳು. ತೋಟದ ಯಜಮಾನರು, ಮೇಷ್ಟ್ರುಗಳು, ಬ್ಯಾಂಕಿನವರು, ಪಿಂಚಣಿ ಬರುವ ನಿವೃತ್ತ ಸೈನಿಕರು. ಇವರು ತಿಂಗಳ ಮೊದಲ ವಾರ ಉದ್ದನೆಯ ಪಟ್ಟಿ ಕಳಿಸುತ್ತಾರೆ, ಜೀಪಿನಲ್ಲಿ ಸಾಮಾನು ಹೋಗುತ್ತದೆ, ಹಣ ಆಗಲೇ ಅಥವಾ ನಾಲ್ಕು ದಿನದಲ್ಲಿ ಬರುತ್ತದೆ. ಇನ್ನೊಂದು, ಲೈನ್ ಮನೆಗಳವರು, ಅಂದರೆ ತೋಟದ ಸಾಲುಮನೆಗಳಲ್ಲಿರುವ ಕೂಲಿಯವರು. ಶನಿವಾರ ಬಟವಾಡೆ ಆದಮೇಲೆ ವಾರಕ್ಕೆ ಬೇಕಾದಷ್ಟು ಒಯ್ಯುವವರು. ನಡುವೆ ಹತ್ತು ರೂಪಾಯಿಯ ಎಣ್ಣೆ, ಐದು ರೂಪಾಯಿಯ ಕಾಫಿಪುಡಿ ಎಂದು ಮಕ್ಕಳನ್ನು ಕಳಿಸುವವರು. ಅಕ್ಕಿ ಈಗ ನ್ಯಾಯಬೆಲೆ ಅಂಗಡಿಯಲ್ಲಿ ಸಿಗುತ್ತದೆ. ಅದರಿಂದ ಹಸಿವು ದೂರವಾಗಿದೆ, ನಿಜ. ಆದರೆ ಅನ್ನದ ಜೊತೆ ಬೇಕಾದ ಉಪ್ಪು, ಎಣ್ಣೆ, ಖಾರ, ಒಣಮೀನು, ಮಗುವಿನ ಬಿಸ್ಕೆಟ್ಟಿಗೆ ಅಂಗಡಿಗೇ ಬರಬೇಕು.

ಕಡದ ಪುಸ್ತಕ

ಕಾಫಿ ತೋಟದಲ್ಲಿ ಕೂಲಿಯ ದುಡ್ಡು ವರ್ಷವಿಡೀ ಒಂದೇ ಸಮನೆ ಹರಿಯುವುದಿಲ್ಲ. ರೊಬಸ್ಟಾ ಕೊಯ್ಲು ಜನವರಿಯ ಸುಮಾರಿಗೆ ಭರದಿಂದ ಸಾಗುತ್ತದೆ. ಕೊಯ್ದ ಹಣ್ಣಿನ ತೂಕಕ್ಕೆ ತಕ್ಕಂತೆ ಕೂಲಿ, ಹಾಗಾಗಿ ಗಂಡ ಹೆಂಡತಿ ಇಬ್ಬರೂ ದುಡಿದರೆ ಕೈತುಂಬ ಬರುತ್ತದೆ. ಅದರ ಬೆನ್ನಿಗೆ ಮೆಣಸಿನ ಕೊಯ್ಲು. ಬೇಸಿಗೆ ಕೊನೆಯಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವುದು, ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುವುದು. ಜೂನ್‌ನಲ್ಲಿ ಮಳೆ ಹಿಡಿದರೆ ಕಥೆ ಬದಲಾಗುತ್ತದೆ. ಜುಲೈ-ಆಗಸ್ಟಿನ ಕಕ್ಕಡದ ಮಳೆಯಲ್ಲಿ ವಾರದಲ್ಲಿ ಎರಡು ದಿನ ಕೆಲಸ ಸಿಕ್ಕರೆ ಪುಣ್ಯ ಅನ್ನುವ ವಾರಗಳಿವೆ. ಅದೇ ಹೊತ್ತಿಗೆ ಶಾಲೆ ತೆರೆಯುತ್ತದೆ, ಜ್ವರ ಬರುತ್ತದೆ, ಒಲೆಗೆ ಒಣ ಸೌದೆ ಇರುವುದಿಲ್ಲ.

ಈ ನಾಲ್ಕೈದು ತಿಂಗಳನ್ನು ದಾಟಿಸುತ್ತಿದ್ದದ್ದು ಕಡದ ಪುಸ್ತಕ. "ಅಣ್ಣಾ, ಬರ್ಕೊಳ್ಳಿ, ಹಣ್ಣು ಕುಯ್ಯುವಾಗ ಕೊಡ್ತೇನೆ" ಅಂದರೆ ಸಾಕು. ಬಡ್ಡಿಯಿಲ್ಲ, ಅಡವಿಲ್ಲ, ಸಹಿಯೂ ಇಲ್ಲ. ಆದರೆ ಲಗಾಮಿತ್ತು. ಯಾವ ತೋಟ, ಯಾವ ಲೈನು, ಮೇಸ್ತ್ರಿ ಯಾರು ಎಂದು ಅಂಗಡಿಯವರಿಗೆ ಗೊತ್ತಿರುತ್ತಿತ್ತು. ತೋಟದ ಲೆಕ್ಕ ಬರೆಯುವ ರೈಟರು "ಇವರು ನಮ್ಮಲ್ಲೇ ಇದ್ದಾರೆ, ಕೊಡಿ" ಎಂದರೆ ಅದೇ ಜಾಮೀನು. ಹೊಗೆಸೊಪ್ಪು ಹೆಚ್ಚು ಕೇಳಿದರೆ ಕೊಡುತ್ತಿರಲಿಲ್ಲ, ಮಗುವಿಗೆ ಹಾಲಿನ ಪುಡಿ ಕೇಳಿದರೆ ಹಳೇ ಬಾಕಿ ಇದ್ದರೂ ಕೊಡುತ್ತಿದ್ದರು. ಹಣ ಯಾವಾಗ ವಾಪಸು ಬರಬೇಕೆಂಬುದನ್ನು ಕಾಫಿ ನಿರ್ಧರಿಸುತ್ತಿತ್ತು. ಮಳೆ ಹೆಚ್ಚಾಗಿ ಕಾಯಿ ಉದುರಿದ ವರ್ಷ, ವಸೂಲಿಯೂ ಮುಂದಕ್ಕೆ ಹೋಗುತ್ತಿತ್ತು.

2018ರ ಮತ್ತು 2019ರ ಆಗಸ್ಟ್ ತಿಂಗಳುಗಳನ್ನು ಕೊಡಗಿನವರಿಗೆ ನೆನಪಿಸಬೇಕಾಗಿಲ್ಲ. ಗುಡ್ಡ ಕುಸಿದು, ಹೊಳೆ ಉಕ್ಕಿ, ರಸ್ತೆ ಕಡಿದಾಗ ಈ ಅಂಗಡಿಯಲ್ಲಿ ಇದ್ದದ್ದೆಲ್ಲ ಕಡದ ಮೇಲೆ ಹೋಯಿತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಬಸ್ಸೇ ಇಲ್ಲದ ಊರಿನಲ್ಲಿ, ಅಂಗಡಿಯವರ ಮಗ ಬೈಕಿನಲ್ಲಿ ಲೈನ್ ಮನೆಗಳಿಗೂ ದೊಡ್ಡ ಮನೆಗಳಿಗೂ ಸಾಮಾನು ತಲುಪಿಸಿದ. ಕಷ್ಟಕಾಲದಲ್ಲಿ ಒದಗಿದ್ದಕ್ಕೆ ಎಲ್ಲರೂ ಹೊಗಳಿದರು.

ಮಾರ್ಟು

ಕೋವಿಡ್ ಕಳೆದ ಮೇಲೆ ದೊಡ್ಡ ಊರಿನಲ್ಲಿ ಸರಣಿ ಮಳಿಗೆಯೊಂದು ಬಾಗಿಲು ತೆರೆಯಿತು. ಜನರ ಬಾಯಲ್ಲಿ ಅದು ಬರೀ 'ಮಾರ್ಟು'. ತಳ್ಳುಗಾಡಿ, ಬೆಳಕು, ಕಾರು ನಿಲ್ಲಿಸಲು ಜಾಗ, ಎಲ್ಲದರ ಮೇಲೂ ಎಂಆರ್‌ಪಿಗಿಂತ ಕಡಿಮೆ ಬೆಲೆಯ ಚೀಟಿ.

ಬೆಲೆ ನಿಜವಾಗಿಯೂ ಕಡಿಮೆ. ಅದನ್ನು ಒಪ್ಪದೆ ಮುಂದೆ ಹೋಗುವುದು ಸರಿಯಲ್ಲ. ತಿಂಗಳ ಸಂಬಳದಲ್ಲಿ ಎಣ್ಣೆ, ಬೇಳೆ, ಸೋಪಿನಲ್ಲಿ ಉಳಿದ ದುಡ್ಡು ಒಂದು ಮನೆಗೆ ದೊಡ್ಡದೇ. ನನ್ನ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಅಲ್ಲಿ ಬಿಲ್ಲಿಂಗ್ ಕೌಂಟರಿನಲ್ಲಿದ್ದಾರೆ. ಅವರಿಗೆ ಪಿಎಫ್ ಕಡಿಯುತ್ತದೆ, ವಾರದ ರಜೆಯಿದೆ. ಚಿಕ್ಕ ಅಂಗಡಿಯ ಹುಡುಗನಿಗೆ ಎರಡೂ ಇಲ್ಲ. ಹುಡುಗಿಯರು ಆ ಕೆಲಸದ ಬಗ್ಗೆ ಹೆಮ್ಮೆಯಿಂದ ಮಾತಾಡುತ್ತಾರೆ, ಅದು ನ್ಯಾಯವಾದ ಹೆಮ್ಮೆ.

ಬೆಲೆ ಕಡಿಮೆ ಹೇಗೆ ಆಗುತ್ತದೆ ಎಂಬುದನ್ನೂ ನೋಡಬೇಕು. ಚಿಕ್ಕ ಅಂಗಡಿಗೆ ಸೋಪು ಬರುವುದು ಕಂಪನಿಯಿಂದ ಏಜೆನ್ಸಿಗೆ, ಏಜೆನ್ಸಿಯಿಂದ ಊರೂರಿಗೆ ಸರಕು ಹಂಚುವ ಲೈನ್ ಗಾಡಿಯಲ್ಲಿ. ಪ್ರತಿ ಕೈಯಲ್ಲೂ ಒಂದಿಷ್ಟು ಲಾಭ ಕಳೆದು, ಅಂಗಡಿಯವರಿಗೆ ಉಳಿಯುವುದು ನೂರಕ್ಕೆ ಎಂಟೋ ಹತ್ತೋ ರೂಪಾಯಿ. ಸರಣಿ ಮಳಿಗೆ ನೂರಾರು ಅಂಗಡಿಗೆ ಒಟ್ಟಿಗೆ ಕಂಪನಿಯಿಂದಲೇ ಕೊಳ್ಳುತ್ತದೆ. ಅದಕ್ಕೆ ರಿಯಾಯಿತಿ, ಒಳ್ಳೆಯ ಜಾಗದಲ್ಲಿ ಸಾಮಾನು ಜೋಡಿಸಿದ್ದಕ್ಕೆ ಬೇರೆ ಹಣ, ಸರಕಿನ ಬಾಕಿ ತೀರಿಸಲು ಉದ್ದನೆಯ ವಾಯಿದೆ. ಚಿಕ್ಕ ಅಂಗಡಿಗೆ ವಾಯಿದೆ ಒಂದು ವಾರ, ಕೆಲವು ಕಂಪನಿಗಳಿಗೆ ಗಾಡಿಯ ಹತ್ತಿರವೇ ನಗದು. "ಟೀಚರೇ, ನಾನು ಕೊಳ್ಳುವ ಬೆಲೆಗಿಂತ ಕಡಿಮೆಗೆ ಅವರು ಮಾರ್ತಾರೆ. ಕಂಪನಿ ಒಂದೇ, ಪ್ಯಾಕೆಟ್ಟು ಒಂದೇ. ನಾನು ಯಾರ ಹತ್ರ ಜಗಳ ಆಡ್ಲಿ?" ಎಂದು ಅವರು ಕೇಳಿದ್ದರು.

ಮೊದಲು ಹೋದದ್ದು ಪಟ್ಟಿಯ ಮನೆಗಳು. ಅವರಿಗೆ ಕಾರಿದೆ, ದೊಡ್ಡ ಊರಿನಲ್ಲಿ ಬ್ಯಾಂಕು, ಡಾಕ್ಟರು, ಮಕ್ಕಳ ಟ್ಯೂಷನ್ ಎಂದು ಬೇರೆ ಕೆಲಸವಿದೆ. ಯಾರೂ ಮುಖ ಮುರಿದುಕೊಂಡು ಹೋಗಲಿಲ್ಲ. ಪಟ್ಟಿ ಚಿಕ್ಕದಾಯಿತು ಅಷ್ಟೆ. ಎಣ್ಣೆ ಹೋಯಿತು, ಆಮೇಲೆ ಸೋಪು, ಆಮೇಲೆ ಬೇಳೆ. ಕೊನೆಗೆ ಉಳಿದದ್ದು ಮರೆತುಹೋದ ಸಾಸಿವೆ, ಸಂಜೆ ನೆಂಟರು ಬಂದಾಗ ಬೇಕಾದ ಬಿಸ್ಕೆಟ್ಟು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟು ಉಚಿತವಾಯಿತು. ಅದೇ ವರ್ಷ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಹೆಂಗಸರ ಖಾತೆಗೆ ಬರತೊಡಗಿತು. ಎರಡೂ ನಮ್ಮ ಹೆಂಗಸರಿಗೆ ಸಿಕ್ಕ ದೊಡ್ಡ ಬಲ ಎಂದೇ ನಾನು ನಂಬಿದ್ದೇನೆ. ಕೊಡಗಿನ ಒಳದಾರಿಗಳಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚು, ಅಲ್ಲಿ ಶಕ್ತಿ ನಡೆಯುವುದಿಲ್ಲ. ಆದರೂ ಸರ್ಕಾರಿ ಬಸ್ಸು ಓಡುವ ಈ ರಸ್ತೆಯಲ್ಲಿ, ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು, ನರ್ಸುಗಳು, ಅಂದರೆ ಚಿಕ್ಕ ಸಂಬಳದ ನಗದು ಗಿರಾಕಿಗಳು, ಭಾನುವಾರದ ಸಂತೆಗೆ ಹೋದವರು ಹಾಗೇ ಮಾರ್ಟಿಗೂ ಹೋಗತೊಡಗಿದರು.

ಲೈನ್ ಮನೆಗಳವರು ಎಲ್ಲೂ ಹೋಗಲಿಲ್ಲ. ಮಾರ್ಟಿನಲ್ಲಿ ಕಡವಿಲ್ಲ, ಹತ್ತು ರೂಪಾಯಿಯ ಬಿಡಿ ಎಣ್ಣೆಯೂ ಇಲ್ಲ. ಹಾಗಾಗಿ ಅಂಗಡಿಯಲ್ಲಿ ಜನ ಮೊದಲಿನಷ್ಟೇ ಕಾಣುತ್ತಿದ್ದರು. ಗಲ್ಲಾಪೆಟ್ಟಿಗೆಯಲ್ಲಿ ಮಾತ್ರ ದುಡ್ಡಿರಲಿಲ್ಲ.

ಲೆಕ್ಕ

ಅವರ ನಿಜವಾದ ಅಂಕಿಗಳನ್ನು ಬಿಟ್ಟು, ಲೆಕ್ಕ ತಿಳಿಯಲೆಂದು ದುಂಡು ಅಂಕಿಗಳನ್ನು ಇಟ್ಟುಕೊಳ್ಳುತ್ತೇನೆ. ತಿಂಗಳಿಗೆ ಒಂದು ಲಕ್ಷ ರೂಪಾಯಿ ಮಾರಾಟ. ಅದರಲ್ಲಿ 60,000 ನಗದು, 40,000 ಕಡ. ಲಾಭ ನೂರಕ್ಕೆ ಹತ್ತು, ಅಂದರೆ 10,000. ಕಡದಲ್ಲಿ ನೂರಕ್ಕೆ ಐದು ಮುಳುಗುತ್ತದೆ ಎಂದರೆ 2,000 ಹೋಯಿತು. ಉಳಿದದ್ದು 8,000. ಮಳೆಯ ಮೂರು ತಿಂಗಳಲ್ಲಿ 1,20,000 ರೂಪಾಯಿ ಲೈನ್ ಮನೆಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಆದರೂ ತೊಂದರೆಯಿಲ್ಲ, ಏಕೆಂದರೆ ಏಜೆನ್ಸಿಗಳಿಗೆ ವಾರವಾರ ಕೊಡಲು ನಗದು ಗಿರಾಕಿಗಳ ಹಣ ತಿರುಗುತ್ತಿದೆ.

ಈಗ ನಗದಿನಲ್ಲಿ ಅರ್ಧ ಮಾರ್ಟಿಗೆ ಹೋಯಿತು ಎನ್ನೋಣ. ಮಾರಾಟ 70,000, ಲಾಭ 7,000. ಮುಳುಗುವ ಕಡ ಅದೇ 2,000. ಏಜೆನ್ಸಿಗೆ ಕೊಡಲು ನಗದು ಸಾಲದು, ಹಾಗಾಗಿ ಸಿಕ್ಕಿಕೊಂಡ 1,20,000ದಷ್ಟನ್ನು ಬ್ಯಾಂಕಿನಿಂದ ವರ್ಷಕ್ಕೆ ನೂರಕ್ಕೆ ಹನ್ನೆರಡರ ಬಡ್ಡಿಯಂತೆ ತರಬೇಕು. ತಿಂಗಳಿಗೆ 1,200 ಬಡ್ಡಿ. ಉಳಿದದ್ದು 3,800. ಮಾರಾಟ ಕುಸಿದದ್ದು ನೂರಕ್ಕೆ ಮೂವತ್ತು, ಕೈಗೆ ಉಳಿಯುವ ಹಣ ಮಾತ್ರ ಅರ್ಧಕ್ಕಿಂತ ಕೆಳಗೆ ಹೋಯಿತು. ಬಾಡಿಗೆ, ಕರೆಂಟು, ಹುಡುಗನ ಸಂಬಳ ಎಲ್ಲ ಇದರಲ್ಲೇ ಆಗಬೇಕು.

ಕಡವನ್ನೇ ನಿಲ್ಲಿಸಿದರೆ? ಲೈನ್ ಮನೆಗಳವರು ನಗದು ಇದ್ದಾಗ ಅರ್ಧದಷ್ಟು ಕೊಳ್ಳುತ್ತಾರೆ ಎಂದುಕೊಳ್ಳೋಣ, 20,000. ಒಟ್ಟು ಮಾರಾಟ 50,000, ಲಾಭ 5,000. ಮುಳುಗುವ ಹಣವಿಲ್ಲ, ಬಡ್ಡಿಯಿಲ್ಲ. 3,800ಕ್ಕಿಂತ 5,000 ಮೇಲು.

ಅಂಗಡಿಯವರು ಕಲ್ಲುಮನಸ್ಸಿನವರಾಗಿ ಕಡ ನಿಲ್ಲಿಸಲಿಲ್ಲ. ಅವರ ಲೆಕ್ಕವೇ ಅವರನ್ನು ಅಲ್ಲಿಗೆ ತಂದು ನಿಲ್ಲಿಸಿತು. ಪಟ್ಟಿಯ ಮನೆಗಳ ನಗದು ಇಷ್ಟು ವರ್ಷ ಲೈನ್ ಮನೆಗಳ ಮಳೆಗಾಲವನ್ನು ಹೊತ್ತುಕೊಂಡಿತ್ತು. ಆ ವಿಷಯ ಕೊಡುತ್ತಿದ್ದವರಿಗೂ ಗೊತ್ತಿರಲಿಲ್ಲ, ಪಡೆಯುತ್ತಿದ್ದವರಿಗೂ ಗೊತ್ತಿರಲಿಲ್ಲ. ನಡುವೆ ಕುಳಿತಿದ್ದವರಿಗೆ ಮಾತ್ರ ಗೊತ್ತಿತ್ತು. ಈ ಇಡೀ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇದೇ. ದೊಡ್ಡ ಮಳಿಗೆ ಬಂದಾಗ ನಾವು ಅಂಗಡಿಯವನ ನಷ್ಟ, ಗಿರಾಕಿಯ ಲಾಭ ಎಂದು ಎರಡು ಕಡೆ ಹಾಕಿ ತೂಗುತ್ತೇವೆ. ಮೂರನೆಯವರು ತಕ್ಕಡಿಗೆ ಬರುವುದೇ ಇಲ್ಲ.

ಅವರು ಮಾಡಿ ನೋಡಿದ್ದು

ಕಡ ನಿಲ್ಲಿಸುವ ಮೊದಲು ಅವರು ಸುಮ್ಮನೆ ಕೂತಿರಲಿಲ್ಲ. ಎಲ್ಲರಿಗೂ ಬೆಲೆ ಬಾಯಿಪಾಠವಾಗಿರುವ ಕೆಲವು ಸಾಮಾನುಗಳಿಗೆ, ಸೂರ್ಯಕಾಂತಿ ಎಣ್ಣೆ, ಸಕ್ಕರೆ, ತೊಗರಿಬೇಳೆ, ಬಟ್ಟೆ ಸೋಪಿಗೆ, ಮಾರ್ಟಿನ ಬೆಲೆಯನ್ನೇ ಇಟ್ಟರು. ಹೋದವರು ವಾಪಸು ಬರಲಿಲ್ಲ. ಉಳಿದವರಿಗೇ ಅಗ್ಗವಾಗಿ ಕೊಟ್ಟಂತಾಯಿತು, ಕೈ ಕಚ್ಚಿತು. ಆಮೇಲೆ ಸ್ವತಃ ಮಾರ್ಟಿಗೆ ಹೋಗಿ, ರಿಯಾಯಿತಿಯ ದಿನ ಎಣ್ಣೆ, ಸೋಪು ತಂದು ಅಂಗಡಿಯಲ್ಲಿಟ್ಟು ಮಾರಿದರು. ಕೆಲವು ಸಲ ಇದು ಗಿಟ್ಟಿತು. ಆದರೆ ಒಬ್ಬರಿಗೆ ಇಷ್ಟೇ ಎಂಬ ಮಿತಿ, ಜೀಪಿನ ಬಾಡಿಗೆ, ಅರ್ಧ ದಿನ ಅಂಗಡಿ ಬಿಟ್ಟು ಹೋಗುವುದು. ಅದರ ಜೊತೆಗೆ ಏಜೆನ್ಸಿಯವರ ಮುನಿಸು. ಮಾರಾಟ ಕಡಿಮೆಯಾದ ಮೇಲೆ ಲೈನ್ ಗಾಡಿ ಈ ಪೇಟೆಗೆ ಬರುವುದೂ ಕಡಿಮೆಯಾಯಿತು. ಗಾಡಿ ಅಪರೂಪವಾದರೆ ಸಾಮಾನಿನ ಬಗೆ ಕಡಿಮೆ, ಬಗೆ ಕಡಿಮೆಯಾದರೆ ಇನ್ನಷ್ಟು ಗಿರಾಕಿಗಳು ದೊಡ್ಡ ಊರಿಗೆ.

ಜಿಎಸ್‌ಟಿಯ ವಿಷಯವೂ ಇದೆ. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಒಂದೂವರೆ ಕೋಟಿಯೊಳಗಿನವರು ರಾಜಿ ತೆರಿಗೆಯಲ್ಲಿ ನೂರಕ್ಕೆ ಒಂದು ಕಟ್ಟಿ ಮುಗಿಸಬಹುದು, ಆದರೆ ಕೊಳ್ಳುವಾಗ ಕಟ್ಟಿದ ತೆರಿಗೆ ವಾಪಸು ಸಿಗುವುದಿಲ್ಲ. 2025ರ ಜುಲೈಯಲ್ಲಿ ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಚಿಕ್ಕ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಎಷ್ಟೋ ಅಂಗಡಿಗಳಲ್ಲಿ 'ನಗದು ಮಾತ್ರ' ಎಂಬ ಬೋರ್ಡು ಬಂತು. ಇವರಿಗೆ ನೋಟಿಸು ಬರಲಿಲ್ಲ, ಆದರೂ ಹೆದರಿ ಕೆಲವು ವಾರ ಕ್ಯೂಆರ್ ಚೀಟಿ ತೆಗೆದಿಟ್ಟರು. ಕೊಯ್ಲಿಗೆಂದು ಅಸ್ಸಾಂ ಕಡೆಯಿಂದ ಬಂದ ಹುಡುಗರು ಫೋನಿನಲ್ಲೇ ಹಣ ಕೊಡುವವರು. ಆ ವಾರಗಳಲ್ಲಿ ಅವರೂ ಪಕ್ಕದ ಬೇಕರಿಗೆ ಹೋದರು.

ಗಿಟ್ಟಿದ್ದು ಒಂದೇ, ಮಲೆಸರಕು. ಅರ್ಧ ಎಕರೆ, ಒಂದು ಎಕರೆಯ ಚಿಕ್ಕ ಹಿಡುವಳಿದಾರರು ಐದು ಕೆಜಿ, ಹತ್ತು ಕೆಜಿ ಮೆಣಸನ್ನು ಹಿಡಿದು ಗೋಣಿಕೊಪ್ಪದ ಎಪಿಎಂಸಿಗೆ ಹೋಗುವುದಿಲ್ಲ. ಅಂಗಡಿಯವರು ಅದನ್ನು ಕೊಂಡು, ಒಟ್ಟುಗೂಡಿಸಿ, ದೊಡ್ಡ ವ್ಯಾಪಾರಿಗೆ ಕೊಡುತ್ತಾರೆ. ತೇವ ನೋಡುವುದು, ಹೊಟ್ಟು ತೂರುವುದು ಅವರಿಗೆ ಕೈಬಂದ ವಿದ್ಯೆ. ಇದರ ಲಾಭದಿಂದಲೇ ಅಂಗಡಿ ನಿಂತಿದೆ. ಮೆಣಸು ತಂದುಕೊಡುವವರಿಗೆ ಮಾತ್ರ ಇಂದಿಗೂ ಕಡ ಕೊಡುತ್ತಾರೆ, ಏಕೆಂದರೆ ಬಳ್ಳಿಯಲ್ಲಿರುವ ಮೆಣಸೇ ಜಾಮೀನು. ಆದರೆ ಲೈನ್ ಮನೆಯವರಿಗೆ ಬಳ್ಳಿಯಿಲ್ಲ.

ಕಡ ನಿಂತ ಮೇಲೆ

ಪುಸ್ತಕ ಮುಚ್ಚಿದ ಮೊದಲ ಮಳೆಗಾಲ ಲೈನ್ ಮನೆಗಳ ಹೆಂಗಸರು ಏನು ಮಾಡಿದರು ಎಂದು ನಾನು ಅವರನ್ನೇ ಕೇಳಿದೆ. ಗೃಹಲಕ್ಷ್ಮಿ ಹಣ ಬಂದ ತಿಂಗಳು ಸುಧಾರಿಸಿತು, ತಡವಾದ ತಿಂಗಳು ಕಷ್ಟ. ಕೆಲವರಿಗೆ ಆಧಾರ್ ಜೋಡಣೆ ಸರಿಯಿಲ್ಲದೆ ಹಣವೇ ಬರುವುದಿಲ್ಲ. ಕೆಲವರು ತೋಟದ ಯಜಮಾನರಿಂದ ಮುಂಗಡ ತೆಗೆದರು. ಮುಂಗಡ ತೆಗೆದವರು ಆ ತೋಟ ಬಿಟ್ಟು ಹೋಗುವಂತಿಲ್ಲ. ಹೀಗೆ ಮುಂಗಡಕ್ಕೆ ಸಿಕ್ಕಿ ಜೀತಕ್ಕೆ ಬಿದ್ದವರ ಹಳೆಯ ಚರಿತ್ರೆ ಗೊತ್ತಿರುವವರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ. ಹೆಚ್ಚಿನವರು ಮಾಡಿದ್ದು ಕಿರುಸಾಲ ಕೊಡುವ ಫೈನಾನ್ಸಿನ ಗುಂಪಿಗೆ ಸೇರಿದ್ದು.

ಫೈನಾನ್ಸಿನ ಸಾಲಕ್ಕೂ ಅಂಗಡಿಯ ಕಡಕ್ಕೂ ಇರುವ ವ್ಯತ್ಯಾಸ ಬಡ್ಡಿಯೊಂದೇ ಅಲ್ಲ. ಅಂಗಡಿಯ ಕಡ ಕೊಯ್ಲಿನವರೆಗೆ ಕಾಯುತ್ತಿತ್ತು. ಫೈನಾನ್ಸಿನ ಕಂತು ವಾರವಾರ ಕಟ್ಟಬೇಕು, ಮಳೆ ಬಂದು ಕೆಲಸ ಇಲ್ಲದ ವಾರವೂ ಕಟ್ಟಬೇಕು. ಒಬ್ಬಳು ಕಟ್ಟದಿದ್ದರೆ ಗುಂಪಿನ ಉಳಿದವರು ಅವಳ ಬಾಗಿಲಿಗೆ ಬರುತ್ತಾರೆ. ಅಂಗಡಿಯಲ್ಲಿ ಇನ್ನೂರು ರೂಪಾಯಿಯ ಸಾಮಾನು ಬೇಕಿದ್ದವಳು ಇಲ್ಲಿ ಇಪ್ಪತ್ತು ಸಾವಿರ, ಮೂವತ್ತು ಸಾವಿರ ಒಟ್ಟಿಗೆ ತೆಗೆಯಬೇಕಾಗುತ್ತದೆ. ಕಿರುಸಾಲ ಕಂಪನಿಗಳ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಈ ಊರಿನಲ್ಲಿ ಯಾರೂ ಬಾಗಿಲಲ್ಲಿ ಕೂತು ಕಿರುಚಿಲ್ಲ. ಆದರೆ ಕಂತಿನ ದಿನ ಬೆಳಗ್ಗೆ ಒಬ್ಬ ತಾಯಿ ನನ್ನ ಎದುರಿಗೇ ಮಗಳ ಕಿವಿಯ ಓಲೆ ಬಿಚ್ಚಿಸಿಕೊಂಡು ಅಡವಿಡಲು ಹೋದಳು. "ಅಣ್ಣನ ಅಂಗಡೀಲಿ ಬೈತಿದ್ರು ಅಕ್ಕ, ಆದ್ರೆ ಬರ್ಕೊಳ್ತಿದ್ರು" ಎಂದಳು.

ಮಾರ್ಟಿನ ಅಗ್ಗದ ಬೆಲೆಯ ಒಟ್ಟು ಲೆಕ್ಕದಲ್ಲಿ ಈ ಓಲೆಯನ್ನು ಬರೆಯುವವರಿಲ್ಲ. ಬರೆಯಬೇಕು ಎಂದು ನಾನು ಹೇಳುತ್ತಿದ್ದೇನೆ.

ಬೇರೆ ಕಡೆ ಆದದ್ದು

ಅಮೆರಿಕದಲ್ಲಿ ಸ್ಯಾಮ್ ವಾಲ್ಟನ್ ತಮ್ಮ ಮೊದಲ ವಾಲ್‌ಮಾರ್ಟ್ ತೆರೆದದ್ದು 1962ರಲ್ಲಿ, ಅರ್ಕನ್ಸಾಸ್ ರಾಜ್ಯದ ರಾಜರ್ಸ್ ಎಂಬ ಚಿಕ್ಕ ಊರಿನಲ್ಲಿ. ಅಲ್ಲಿಂದ ಚಿಕ್ಕ ಊರುಗಳನ್ನೇ ಹುಡುಕಿಕೊಂಡು ಮಳಿಗೆಗಳು ಹರಡಿದವು. 1980ರ ದಶಕದಲ್ಲಿ ಅಯೋವಾ ರಾಜ್ಯಕ್ಕೆ ಬಂದಾಗ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಕೆನೆತ್ ಸ್ಟೋನ್ ಅದರ ಪರಿಣಾಮವನ್ನು ಊರೂರಿನ ಮಾರಾಟ ತೆರಿಗೆಯ ಅಂಕಿಗಳಿಂದ ಅಭ್ಯಾಸ ಮಾಡಿದರು. ಮಳಿಗೆ ತೆರೆದ ಊರಿಗೆ ಸುತ್ತಲಿನ ಜನ ಬರುವುದರಿಂದ ಅಲ್ಲಿಯ ಹೋಟೆಲು, ಪೀಠೋಪಕರಣದ ಅಂಗಡಿಗಳಂಥವಕ್ಕೆ ವ್ಯಾಪಾರ ಹೆಚ್ಚುತ್ತದೆ. ಮಳಿಗೆಯಲ್ಲಿರುವ ಸರಕನ್ನೇ ಮಾರುವ ಅಂಗಡಿಗಳು ಸೊರಗುತ್ತವೆ. ಮತ್ತು ಮಳಿಗೆ ಇಲ್ಲದ ಸುತ್ತಲಿನ ಚಿಕ್ಕ ಊರುಗಳು ನಷ್ಟವನ್ನು ಮಾತ್ರ ಅನುಭವಿಸುತ್ತವೆ.

ನಮ್ಮ ಪೇಟೆಯ ಸ್ಥಿತಿ ಈ ಕೊನೆಯದು. ಮಾರ್ಟು ಬಂದ ಊರಿನಲ್ಲಿ ಪಕ್ಕದ ಜ್ಯೂಸ್ ಅಂಗಡಿ, ಆಟೋ ಸ್ಟ್ಯಾಂಡು ಚುರುಕಾಗಿವೆ, ಕಟ್ಟಡಗಳ ಬಾಡಿಗೆ ಏರಿದೆ. ಈ ಪೇಟೆಗೆ ಬಂದದ್ದು ಖಾಲಿಯಾದ ಗಲ್ಲಾ ಮಾತ್ರ. ಮಳಿಗೆ ಬೇಕೋ ಬೇಡವೋ ಎಂಬ ಚರ್ಚೆ ಎಂದಾದರೂ ನಡೆದಿದ್ದರೆ ಅದು ದೊಡ್ಡ ಊರಿನಲ್ಲಿ ನಡೆಯುತ್ತಿತ್ತು, ಇಲ್ಲಿಯವರನ್ನು ಯಾರೂ ಕರೆಯುತ್ತಿರಲಿಲ್ಲ.

ನಮ್ಮ ಕಾನೂನು ಎಲ್ಲಿ ನೋಡುತ್ತಿದೆ? 2012ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಬಹುಬ್ರಾಂಡ್ ಚಿಲ್ಲರೆ ವ್ಯಾಪಾರದಲ್ಲಿ ನೂರಕ್ಕೆ 51ರಷ್ಟು ವಿದೇಶಿ ಬಂಡವಾಳಕ್ಕೆ ಒಪ್ಪಿದಾಗ ದೇಶದಾದ್ಯಂತ ಗಲಾಟೆ ನಡೆಯಿತು. ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ಮಾತ್ರ ಎಂಬ ಷರತ್ತಿತ್ತು, ಮರುವರ್ಷ ಅದನ್ನು ರಾಜ್ಯಗಳ ಇಚ್ಛೆಗೆ ಬಿಟ್ಟರು. ಎಲ್ಲರ ಕಣ್ಣು ವಿದೇಶಿ ಕಂಪನಿಯ ಮೇಲಿತ್ತು. ದೇಶದೊಳಗಿನ ಸರಣಿಗಳಿಗೆ ಆ ಯಾವ ಷರತ್ತೂ ಇಲ್ಲ, ಕೊಡಗಿಗೆ ಬಂದದ್ದು ಅವೇ. ಎಂಆರ್‌ಪಿಗಿಂತ ಹೆಚ್ಚಿಗೆ ಮಾರಬಾರದು ಎಂದು ಕಾನೂನಿದೆ, ಎಷ್ಟು ಕಡಿಮೆಗೆ ಮಾರಿದರೂ ತಡೆಯಿಲ್ಲ. 2002ರ ಸ್ಪರ್ಧಾ ಕಾಯ್ದೆ ಪೈಪೋಟಿ ಮುಗಿಸಲೆಂದೇ ಅಸಲಿಗಿಂತ ಕಡಿಮೆಗೆ ಮಾರುವುದನ್ನು ಹಿಡಿಯುತ್ತದೆ, ಆದರೆ ಮಾರುಕಟ್ಟೆಯಲ್ಲಿ ಪ್ರಬಲ ಸ್ಥಾನದಲ್ಲಿರುವ ಸಂಸ್ಥೆಯನ್ನು ಮಾತ್ರ. ಒಂದು ತಾಲ್ಲೂಕಿನ ದಿನಸಿ ವ್ಯಾಪಾರ ಅಲುಗಾಡಿದ್ದು ಅದರ ಕಣ್ಣಿಗೆ ಬೀಳುವುದು ಕಷ್ಟ. ಫ್ರಾನ್ಸ್ 1973ರಲ್ಲೇ ಒಂದು ಕಾನೂನು ತಂದು, ಇಂತಿಷ್ಟು ಚದರ ಮೀಟರಿಗಿಂತ ದೊಡ್ಡ ಮಳಿಗೆ ತೆರೆಯಬೇಕಾದರೆ ಸ್ಥಳೀಯ ಸಮಿತಿಯ ಒಪ್ಪಿಗೆ ಬೇಕು ಎಂದಿತು. ಜಪಾನಿನಲ್ಲೂ ಅದೇ ವರ್ಷದ ಅಂಥದೇ ಕಾನೂನು 2000ದವರೆಗೆ ನಡೆಯಿತು. ಆ ಕಾನೂನುಗಳಿಂದ ಬೆಲೆ ಏರಿತು, ಸಮಿತಿಗಳಲ್ಲಿ ಲಂಚ ನುಸುಳಿತು ಎಂಬ ಟೀಕೆಗಳೂ ಬಂದವು. ಹಾಗೇ ಎತ್ತಿ ತರುವುದು ನನಗೆ ಬೇಕಿಲ್ಲ. ಪರವಾನಗಿ ಕೊಡುವಾಗ ಸುತ್ತಲಿನ ಪಂಚಾಯಿತಿಗಳನ್ನು ಒಂದು ಮಾತು ಕೇಳುವ ಪದ್ಧತಿಯಾದರೂ ಬರಬೇಕು ಎಂಬುದು ನನ್ನ ಅಭಿಪ್ರಾಯ.

ಈಗ ನಡೆಯುತ್ತಿರುವುದು

ಜೇನಿಗೆ, ಕಿತ್ತಳೆಗೆ, ಕಾಫಿಗೆ ಸಹಕಾರ ಸಂಘ ಕಟ್ಟಿದ ಜಿಲ್ಲೆ ಇದು. ಹತ್ತು ಪೇಟೆಗಳ ದಿನಸಿ ಅಂಗಡಿಯವರು ಸೇರಿ ಒಟ್ಟಿಗೆ ಕೊಂಡರೆ ಏಜೆನ್ಸಿಯ ಬೆಲೆ ಇಳಿಯುತ್ತದೆ, ಗೊಬ್ಬರ ಇಡುವ ಸಂಘದ ಗೋದಾಮಿನ ಒಂದು ಮೂಲೆ ಅದಕ್ಕೆ ಸಾಕು. ಊರಿನ ಸಹಕಾರ ಸಂಘದ ಮುಂದೆ ಈ ಮಾತು ಇಟ್ಟಿದ್ದೇವೆ. ಅಂಗಡಿಯವರಲ್ಲೇ ಒಬ್ಬರನ್ನೊಬ್ಬರು ನಂಬದವರಿದ್ದಾರೆ, ಅದು ಮೊದಲ ಅಡ್ಡಿ. ಒಟ್ಟು ಖರೀದಿ ಶುರುವಾದರೂ ಮಾರ್ಟಿನ ಬೆಲೆಗೆ ಇಳಿಯಲಾಗದು, ಹತ್ತಿರ ಹೋಗಬಹುದು ಅಷ್ಟೆ.

ಅದಕ್ಕಿಂತ ಬೇಗ ಆಗಬಹುದಾದದ್ದು ಇನ್ನೊಂದಿದೆ. ಲೈನ್ ಮನೆಗಳ ಮಳೆಗಾಲದ ಕಡಕ್ಕೆ ತೋಟದವರೇ ನಿಲ್ಲುವುದು. ಹಳೆಯ ಕಾಲದಲ್ಲಿ ರೈಟರ ಬಾಯಿಮಾತು ಜಾಮೀನಾಗಿತ್ತು. ಈಗ ಅದನ್ನು ಕಾಗದಕ್ಕೆ ಇಳಿಸಿ, ಒಂದು ಮನೆಗೆ ಇಷ್ಟೇ ಎಂದು ಮಿತಿ ಹಾಕಿ, ಕೊಯ್ಲಿನ ಬಟವಾಡೆಯಲ್ಲಿ ಕೂಲಿಯವರ ಒಪ್ಪಿಗೆಯ ಮೇಲೆ ಸ್ವಲ್ಪಸ್ವಲ್ಪ ಹಿಡಿದು ಅಂಗಡಿಗೆ ತಲುಪಿಸುವುದು. ಮುಂಗಡದಂತೆ ಇದು ಕೂಲಿಯವರನ್ನು ಒಂದೇ ತೋಟಕ್ಕೆ ಕಟ್ಟಿಹಾಕಬಾರದು. ಕೆಲಸ ಬಿಟ್ಟು ಹೋದರೆ ಉಳಿದ ಬಾಕಿ ಅವರ ಮತ್ತು ಅಂಗಡಿಯವರ ನಡುವಿನ ಲೆಕ್ಕ, ತೋಟದವರು ತಡೆಯುವಂತಿಲ್ಲ ಎಂಬ ಸಾಲು ಕಾಗದದಲ್ಲಿ ಇರಲೇಬೇಕು ಎಂದು ನಾನು ಹಟ ಹಿಡಿದಿದ್ದೇನೆ. ಕಾಫಿಯ ಬೆಲೆ ಇತ್ತೀಚಿನ ವರ್ಷಗಳಲ್ಲಿ ಹಿಂದೆಂದೂ ಕಾಣದಷ್ಟು ಏರಿತು. ಇದನ್ನು ಮಾಡಲು ಇದಕ್ಕಿಂತ ಒಳ್ಳೆಯ ಕಾಲ ತೋಟದವರಿಗೆ ಬಂದಿರಲಿಲ್ಲ.

ಅಂಗಡಿಯವರು ಇದಕ್ಕೆ ಒಪ್ಪಿದ್ದಾರೆ, ಆದರೆ ತಮ್ಮದೊಂದು ಷರತ್ತಿನ ಮೇಲೆ. "ಬರೀ ಜಾಮೀನು ಸಾಲದು ಟೀಚರೇ, ಅದರಿಂದ ಏಜೆನ್ಸಿಗೆ ದುಡ್ಡು ಕೊಡೋಕಾಗಲ್ಲ. ಐದು ತೋಟದವರು ತಮ್ಮ ಮನೆಯ ಪಟ್ಟಿಯನ್ನೂ ಮಳೆಗಾಲದ ನಾಲ್ಕು ತಿಂಗಳು ನನಗೆ ಕೊಡಲಿ, ನಾನು ಪುಸ್ತಕ ತೆರೀತೇನೆ." ಪಟ್ಟಿ ಇಲ್ಲೇ ಕೊಟ್ಟರೆ ತಿಂಗಳಿಗೆ ಎಷ್ಟು ಹೆಚ್ಚು ಖರ್ಚಾಗುತ್ತದೆ ಎಂದು ನಾನು ಮನೆಮನೆಗೆ ಹೋಗಿ ಲೆಕ್ಕ ಮಾಡಿ ತೋರಿಸುತ್ತಿದ್ದೇನೆ. ಎರಡು ತೋಟದವರು ಒಪ್ಪಿಕೊಂಡಿದ್ದಾರೆ. ಮೂರನೆಯವರು ತಮ್ಮ ಹೆಂಡತಿಯನ್ನು ಕೇಳಿ ಹೇಳುತ್ತೇನೆ ಎಂದಿದ್ದಾರೆ.